ದೊಡ್ಡಪ್ಪನಿಗೆ ನಾನು ಎಣ್ಣೆ ಹಚ್ಚಿದ್ದು

ಮೈಗೆ ಎಣ್ಣೆ ತಿಕ್ಕುವುದರಲ್ಲಿ ಅಂಥ ವಿದ್ಯೆಯೇನಿದೆ? ಎರಡು ಕೈ ಬೇಕು, ಎಣ್ಣೆ ಬೇಕು, ತಿಕ್ಕಿಸಿಕೊಳ್ಳಲು ಒಬ್ಬ ಮನುಷ್ಯ ಬೇಕು. ಮುಲ್ಕಿ ಪರೀಕ್ಷೆ ಪಾಸಾಗಿ ಬೈಲಹೊಂಗಲದಲ್ಲಿ ಮಾಸ್ತರಿಕೆ ಮಾಡುವ ನನಗೆ ಇದೇನು ಮಹಾ!

ಮನುಷ್ಯ ನಮ್ಮ ದೊಡ್ಡಪ್ಪ. ದೊಡ್ಡವ್ವ ತೀರಿಕೊಂಡ ಮೇಲೆ ಹದಿನೆಂಟು ಮಂದಿಯ ಮನೆಯಲ್ಲಿ ಅವನು ಒಂಟಿಯಾಗಿಬಿಟ್ಟಿದ್ದ. ಯಾರೊಂದಿಗೂ ಮಾತಿಲ್ಲ, ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದ. ಪ್ರತಿ ಸೋಮವಾರ ಅವನಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದವಳು ದೊಡ್ಡವ್ವ. "ಮೈಗೆ ಮನಷ್ಯಾರ ಕೈ ತಾಗಿ ನಾಕ ತಿಂಗಳಾತು" ಎಂದು ಅವನು ಗೋಡೆಗೆ ಹೇಳುತ್ತಿದ್ದುದು ಒಂದು ದಿನ ನನ್ನ ಕಿವಿಗೆ ಬಿತ್ತು.

"ಈ ಸೋಮವಾರ ನಾನ ತಿಕ್ಕತೇನಿ" ಎಂದು ಹೆಂಡತಿ ಪಾರವ್ವನೆದುರು ಘೋಷಿಸಿದೆ.

"ನಿಮಗ ರೊಟ್ಟಿಗೆ ಬೆಣ್ಣಿ ಹಚ್ಚಾಕ ಬರೂದಿಲ್ಲ. ದೊಡ್ಡ ಮಾವಾರಿಗೆ ಎಣ್ಣಿ ಹಚ್ಚತೀರೇನು?"

ಅಡುಗೆಮನೆಯ ಎಣ್ಣೆಯನ್ನು ಅವಳು ಕೊಡಲಿಲ್ಲ. ನಾನು ಬಿಡುವವನೇ? ಕೊಟ್ಟಿಗೆಯ ಗೂಟದಲ್ಲಿ ಒಂದು ಗಡಿಗೆ ತೂಗುತ್ತಿತ್ತು. ಮೂಸಿ ನೋಡಿದೆ, ಔಡಲೆಣ್ಣೆ. ಕಪ್ಪಗಿತ್ತು. ಬೇರುನಾರು ಹಾಕಿ ಕುದಿಸಿದ ಔಷಧಿ ಎಣ್ಣೆಯೇ ಸಿಕ್ಕಿತೆಂದು ಹಿಗ್ಗಿದೆ.

ದೊಡ್ಡಪ್ಪನನ್ನು ಬಚ್ಚಲಕಲ್ಲಿನ ಮೇಲೆ ಕೂರಿಸಿ, ರುಮಾಲು ಬಿಚ್ಚಿಟ್ಟು, ಗರಡಿಮನೆಯ ಉಸ್ತಾದರನ್ನು ಮನಸ್ಸಿನಲ್ಲೇ ನೆನೆದು, ನೆತ್ತಿಯಿಂದ ಹಿಮ್ಮಡಿಯವರೆಗೆ ಹಚ್ಚಿದೆ. ಗಡಿಗೆ ಬರಿದಾಯಿತು. ಅವನ ಬಿಳಿ ಮೀಸೆಗೆ ಹರೆಯ ಬಂತು. ಆದರೂ ತುಟಿ ಬಿಚ್ಚಲಿಲ್ಲ.

ಅಷ್ಟರಲ್ಲಿ ಆಳು ಯಲ್ಲಪ್ಪ ಬಂದ. ಅಂದು ಮದುವೆಗೆಂದು ನಮ್ಮ ಎತ್ತಿನ ಚಕ್ಕಡಿ ಕಿತ್ತೂರಿಗೆ ಹೊರಡಬೇಕಿತ್ತು.

"ಮಾಸ್ತರ, ಗಾಲಿಗೆ ಹಚ್ಚೂ ಎಣ್ಣಿ ಗಡಿಗಿ ಕಂಡ್ರೇನ್ರಿ? ನಿನ್ನಿ ಹುಲ್ಲ ಸುಟ್ಟ ಬೂದಿ ಕಲಸಿ ಇಟ್ಟಿದ್ದೆ."

ನಾನು ದೊಡ್ಡಪ್ಪನನ್ನು ನೋಡಿದೆ. ಯಲ್ಲಪ್ಪನೂ ನೋಡಿದ.

"ಇವ್ರ ಯಾರ್ರಿ?" ಎಂದ.

ನೀರು ಸುರಿದೆ. ನೀರು ಜಾರಿತು, ಮಸಿ ಜಾರಲಿಲ್ಲ. ದೊಡ್ಡಪ್ಪನ ತಂಗಿ ನೀಲವ್ವತ್ತೆ ಸೀಗೆಪುಡಿ ಹಿಡಿದು ಓಡಿಬಂದಳು. "ನಮ್ಮಣ್ಣನ ಮಾರಿ ರೊಟ್ಟಿ ಹಂಚಿನ ತಳಾ ಆಗೇತಲ್ಲೋ!" ಅತ್ತೆ ಬೆನ್ನಿಗೆ, ಯಲ್ಲಪ್ಪ ಕಾಲಿಗೆ, ನನ್ನ ತಮ್ಮಂದಿರು ತೋಳಿಗೆ, ಮಕ್ಕಳು ಬೆರಳಿಗೊಬ್ಬರಂತೆ ಅಂಟಿಕೊಂಡರು. ಪಾರವ್ವ ಹಂಡೆಗಟ್ಟಲೆ ನೀರು ಕಾಯಿಸಿದಳು. ನಾನು ಕೈಜೋಡಿಸಲು ಹೋದರೆ ಎಲ್ಲರೂ ಒಟ್ಟಿಗೆ, "ನೀ ಅತ್ತಾಗ ಸರಿ" ಎಂದರು.

ತಾಸುಗಟ್ಟಲೆ ತಿಕ್ಕಿದ ಮೇಲೆ ದೊಡ್ಡಪ್ಪ ಬಾಯಿಬಿಟ್ಟ. "ನೀಲಿ, ಸ್ವಲ್ಪ ಎಡಕ್ಕ."

ನಾಲ್ಕು ತಿಂಗಳಲ್ಲಿ ಮನುಷ್ಯರೊಂದಿಗೆ ಆಡಿದ ಮೊದಲ ಮಾತು. ಆಮೇಲೆ ತಂಗಿ ಚಿಕ್ಕಂದಿನಲ್ಲಿ ಬೆಲ್ಲ ಕದ್ದ ಕಥೆ ಹೇಳಿದ, ನಕ್ಕ, ಮೂರು ರೊಟ್ಟಿ ಉಂಡ. ನನ್ನ ಕಣ್ಣು ತುಂಬಿತು. ಸೀಗೆಪುಡಿ ಬಿತ್ತೆಂದು ಹೇಳಿ ಒರೆಸಿಕೊಂಡೆ.

ಎಣ್ಣೆ ಕಾಣದ ಚಕ್ಕಡಿ ಕಿತ್ತೂರಿನವರೆಗೂ ಚೀರಿತು. ಅದಕ್ಕಿಂತ ಗಟ್ಟಿಯಾಗಿ ನಾನು ನನ್ನ ಕೈಗುಣವನ್ನು ಕೊಂಡಾಡಿಕೊಂಡೆ.

ಮುಂದಿನ ಸೋಮವಾರ ಗಡಿಗೆ ಮತ್ತೆ ಮಾಯ. ಎಲ್ಲರೂ ನನ್ನನ್ನೇ ನೋಡಿದರು. ಆಣೆ ಮಾಡಿದೆ, ಯಾರೂ ನಂಬಲಿಲ್ಲ. ಬಚ್ಚಲಿಗೆ ಹೋದರೆ ದೊಡ್ಡಪ್ಪ ತಾನೇ ಮೈತುಂಬ ಹಚ್ಚಿಕೊಂಡು, ಕರ್ರಗಾಗಿ, ಕಲ್ಲಿನ ಮೇಲೆ ಕುಳಿತಿದ್ದ. ನಾನು ತೋಳೇರಿಸಿದೆ.

"ನೀ ಬ್ಯಾಡ" ಎಂದ. "ಹೋಗಿ ನೀಲೀನ್ನ ಕರಿ, ಎಲ್ಲಾರ್ನೂ ಕರಿ. ಮತ್ತ, ತಪ್ಪು ನಿಂದ ಅಂತ ಹೇಳು."

ಅಂದಿನಿಂದ ಪ್ರತಿ ಸೋಮವಾರ ಹೇಳುತ್ತಿದ್ದೇನೆ. ಈವರೆಗೆ ಒಬ್ಬರೂ ಸಂಶಯಪಟ್ಟಿಲ್ಲ.