ಹೋದವರೆಲ್ಲ ತಿರುಗಿ ಬಂದರು: ನನ್ನ ಫ್ರೆಂಚ್ ಕ್ಲಾಸಿನ ಪ್ರಸಂಗಗಳು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಈ ಮೊದಲು ಏನನ್ನೂ ಬರೆದವನಲ್ಲ. ಹೇಳುವುದನ್ನು ನೆಟ್ಟಗೆ ಹೇಳಲಿಕ್ಕೂ ಬರುವುದಿಲ್ಲ. ನಗುವ ಜಾಗ ಬರುವ ಮೊದಲೇ ನಾನೇ ನಕ್ಕು ಎಲ್ಲ ಕೆಡಿಸುತ್ತೇನೆ ಎಂದು ಮನೆಯವಳ ತಕರಾರು. ಆದರೆ ರೋಣದಲ್ಲಿ ಕುಳಿತು ಫ್ರೆಂಚ್ ಕಲಿಸುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಬೇಡವೆಂದರೂ ಬಿಡುವುದಿಲ್ಲ.

ರೋಣಕ್ಕೂ ಫ್ರೆಂಚಿಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ, ಅದನ್ನೂ ಹೇಳಿಬಿಡುತ್ತೇನೆ. ನಾನು ಹತ್ತಿಯ ದರ್ಜೆ ನೋಡುವವನು, ಅಂದರೆ ಎಳೆ ಜಗ್ಗಿ ನೋಡಿ ಇದು ಒಳ್ಳೆಯದು, ಇದು ಮಧ್ಯಮ ಎಂದು ಹೇಳುವವನು. ಆ ಕೆಲಸಕ್ಕೆಂದೇ ಪಶ್ಚಿಮ ಆಫ್ರಿಕಾದ ಒಂದು ಹತ್ತಿ ಗಿರಣಿಯಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ಕಚೇರಿಯಲ್ಲೂ ಸಂತೆಯಲ್ಲೂ ಫ್ರೆಂಚೇ ನಡೆಯುತ್ತದೆ. ಊರಿಗೆ ಬಂದ ಮೇಲೆ ಮಹಡಿಯ ಮೇಲಿನ ಕೋಣೆಯಲ್ಲಿ ಕ್ಲಾಸು ಶುರು ಮಾಡಿದೆ. ಬಂದವರು ಇಬ್ಬರು. ಈಗಲೂ ಇಬ್ಬರೇ.

೧. ಎರಡು ಎತ್ತು

ಫ್ರೆಂಚಿನಲ್ಲಿ ಆಗಿಹೋದದ್ದನ್ನು ಹೇಳುವ ರೀತಿ ಬೇರೆ. ಇದನ್ನು ಸ್ವಲ್ಪ ವಿವರಿಸಲೇಬೇಕು, ಇಲ್ಲವಾದರೆ ಮುಂದಿನದು ತಿಳಿಯಲಿಕ್ಕಿಲ್ಲ. ನಾವು ‘ಉಂಡೆ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಅವರಿಗೆ ಎರಡು ಮಾತು ಬೇಕು. ಮೊದಲು ಒಂದು ನೆರವಿನ ಮಾತು, ಅದರ ಹಿಂದೆ ಕೆಲಸದ ಮಾತು. ನೆರವಿನದು ಬಹಳ ಸಲ ‘ನನ್ನ ಹತ್ತಿರ ಇದೆ’ ಎಂಬ ಅರ್ಥದ್ದು. ಹೋಗುವುದು, ಬರುವುದು, ಬೀಳುವುದು, ಹುಟ್ಟುವುದು, ಸಾಯುವುದು ಇಂಥ ಕೆಲವಕ್ಕೆ ಮಾತ್ರ ‘ನಾನು ಇದ್ದೇನೆ’ ಎಂಬ ಅರ್ಥದ್ದು.

ಮೊದಲ ದಿನ ಇದನ್ನು ತಿಳಿಸಲು ಹಲಗೆಯ ಮೇಲೆ ಒಂದು ಬಂಡಿ ಬರೆದು, ಅದಕ್ಕೆ ಎರಡು ಎತ್ತು ಹೂಡಿದೆ. “ನೋಡ್ರಿ, ಒಂದ ಎತ್ತಿನ ಮ್ಯಾಲೆ ಈ ಬಂಡಿ ಹೋಗೂದಿಲ್ಲ. ‘ಮಾಡಿದೆ’ ಅನ್ನಬೇಕಾದ್ರೂ ಬಾಜೂಕ ಇನ್ನೊಂದು ಬೇಕ ಬೇಕು.”

ಚಹಾ ತಂದಿದ್ದ ಮನೆಯವಳು ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. “ಅಂದ್ರ, ಕೆಲಸ ಒಬ್ಬರು ಮಾಡೂದು, ಇನ್ನೊಬ್ಬರು ಸುಮ್ನ ಬಾಜೂಕ ನಿಂದ್ರೂದು?” ಎಂದಳು.

“ಹೌದು, ಹಂಗ ತಿಳ್ಕೊ.”

“ಇದನ್ನ ಕಲಿಯಾಕ ಆಫ್ರಿಕಾಕ್ಕ ಯಾಕ ಹೋಗಿದ್ರಿ? ನಮ್ಮ ಲಗ್ನ ಆದಾಗಿಂದ ಈ ಮನಿ ನಡದದ್ದ ಹಂಗ ಅಲ್ಲೇನು!”

೨. ಊಟ ಆತ್ರಿ

ಇಬ್ಬರಲ್ಲಿ ಒಬ್ಬರು ನರಗುಂದದ ಸಾವ್ಕಾರ್ರು. ಕಡಲೆ ವ್ಯಾಪಾರ ಮಗನಿಗೆ ಒಪ್ಪಿಸಿ ಆಗಿದೆ. “ಖಾಲಿ ಕುಂತ್ರ ಸೊಸಿ ಕೆಲಸದಾಗ ಮೂಗು ತೂರಸ್ತೀನಿ. ಅದಕ್ಕ ನನ್ನ ಮಗ ನನ್ನ ಇಲ್ಲಿಗೆ ಅಟ್ಟ್ಯಾನ್ರಿ” ಎಂದು ತಾವೇ ಹೇಳಿದರು. ನರಗುಂದದಿಂದ ಬಸ್ಸಿನಲ್ಲಿ ಬರುತ್ತಾರೆ.

ನಮ್ಮ ಕಡೆ ಯಾರಾದರೂ “ಊಟ ಆತೇನ್ರಿ?” ಎಂದರೆ “ಆತ್ರಿ, ನಿಮ್ದು?” ಎನ್ನುವುದು ರೂಢಿ. ಆಗಿದೆಯೋ ಇಲ್ಲವೋ ಅದು ಬೇರೆ ವಿಷಯ. ಇಲ್ಲ ಎಂದರೆ ಕೇಳಿದವರು ಎಬ್ಬಿಸಿಕೊಂಡು ಹೋಗಿ ಉಣಿಸಿಬಿಡುತ್ತಾರೆ, ಆ ಸಂಕೋಚಕ್ಕೆ. (ಇದು ನಿಮಗೆ ಗೊತ್ತಿರುತ್ತದೆ, ಆದರೂ ಬರೆದಿದ್ದೇನೆ.)

ಒಂದು ಮಧ್ಯಾಹ್ನ ಸಾವ್ಕಾರ್ರು ಬಂದು ಕುಳಿತ ಕೂಡಲೇ ಅಭ್ಯಾಸಕ್ಕೆಂದು ಫ್ರೆಂಚಿನಲ್ಲಿ ಕೇಳಿದೆ, ಊಟ ಆಯಿತೇ ಎಂದು. ಅವರು ಒಂದು ಗಳಿಗೆಯೂ ತಡೆಯದೆ “ಝೆ ಮಾಂಝೆ” ಎಂದರು. ಅಂದರೆ ‘ನಾನು ಉಂಡಿದ್ದೇನೆ’. ಎರಡೂ ಎತ್ತು ಸರಿಯಾಗಿ ಹೂಡಿದ್ದರು. ನನಗೆ ಹುರುಪು ಬಂತು. ಏನು ಉಂಡಿರಿ ಎಂದೆ. ರೊಟ್ಟಿ ಎಂದರು. ಮತ್ತೆ? ಬದನೆಕಾಯಿ ಎಂದರು. ಆಮೇಲೆ? ಮೊಸರು. ಯಾರು ಮಾಡಿದ್ದರು? ಹೆಂಡತಿ. ಹೇಗಿತ್ತು? ಸಾವ್ಕಾರ್ರು ಕಣ್ಣು ಮುಚ್ಚಿಕೊಂಡರು. ಶಬ್ದ ಹುಡುಕುತ್ತಿದ್ದಾರೆ ಎಂದುಕೊಂಡೆ. ಆಗ ಅವರ ಹೊಟ್ಟೆ ಎಷ್ಟು ಜೋರಾಗಿ ಗುರ್ ಅಂದಿತೆಂದರೆ, ನಾನು ಕಿಟಕಿಯ ಹೊರಗೆ ನೋಡಿದೆ, ಟ್ರ್ಯಾಕ್ಟರ್ ಬಂತೇನೋ ಎಂದು.

“ಸಾವ್ಕಾರ್ರ, ಖರೇ ಹೇಳ್ರಿ, ಊಟ ಆಗೈತೇನು?”

“ಮಾಸ್ತರ್ರ, ಫ್ರೆಂಚಿನ್ಯಾಗ ಹೊಟ್ಟಿ ತುಂಬ ಉಂಡೀನ್ರಿ. ಕನ್ನಡದಾಗ ಮುಂಜಾನಿಂದ ಉಪಾಸ ಅದೀನಿ.”

೩. ದೀಪದ ಹೊತ್ತು

ಇನ್ನೊಬ್ಬಳು ಗಜೇಂದ್ರಗಡದ ಹುಡುಗಿ. ತಂದೆ ತಾಯಿ ಇಲ್ಲ, ಅಜ್ಜಿಯೇ ಮಗ್ಗದ ಮೇಲೆ ಸೀರೆ ನೇಯ್ದು ಬೆಳೆಸಿದ್ದಾಳೆ. ಹುಡುಗಿಗೆ ಬಾದಾಮಿಯಲ್ಲಿ ಫ್ರೆಂಚ್ ಪ್ರವಾಸಿಗರಿಗೆ ಗೈಡ್ ಆಗಬೇಕೆಂಬ ಆಸೆ. ಬಾದಾಮಿಯಾದರೆ ದಿನಾ ಬಸ್ಸಿನಲ್ಲಿ ಹೋಗಿ ಸಂಜೆಗೆ ಅಜ್ಜಿಯ ಹತ್ತಿರ ಬಂದುಬಿಡಬಹುದು. ಅದು ಆಗದಿದ್ದರೆ ಸೋದರಮಾವ ಹುಬ್ಬಳ್ಳಿಯ ಸೀರೆ ಅಂಗಡಿಯೊಂದರಲ್ಲಿ ಕೆಲಸ ನೋಡಿಟ್ಟಿದ್ದ. ಅಲ್ಲಿ ಹಾಸ್ಟೆಲಿನಲ್ಲಿ ಇರಬೇಕು. ಅಜ್ಜಿ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಆದರೆ ಹುಬ್ಬಳ್ಳಿಯ ಮಾತು ಬಂದಾಗಲೆಲ್ಲ ಮಗ್ಗದ ಸದ್ದು ನಿಂತುಬಿಡುತ್ತಿತ್ತು.

ಗೈಡ್ ಹೇಳುವುದೆಲ್ಲ ಆಗಿಹೋದ ಮಾತೇ. ಅರಸ ಕಟ್ಟಿಸಿದ, ಗೆದ್ದ, ಸತ್ತ. ಆದ್ದರಿಂದ ಈ ಪಾಠವೇ ಅವಳಿಗೆ ಮುಖ್ಯ. ನಾನು ಭಾನುವಾರ ಅವರ ಮನೆಗೇ ಹೋಗಿ ಕಲಿಸುತ್ತಿದ್ದೆ. ಒಂದು ಸಂಜೆ ಅಜ್ಜಿ ದೀಪ ಹಚ್ಚುತ್ತಿದ್ದಳು. ಹುಡುಗಿ ಗಟ್ಟಿಯಾಗಿ “ಇಲ್ ಎ ಮೋರ್, ಇಲ್ ಎ ಮೋರ್” ಎಂದು ಬಾಯಿಪಾಠ ಮಾಡುತ್ತಿದ್ದಳು.

“ಏನಬೇ ಅದು, ಭಜನಿ ಏನು?” ಎಂದಳು ಅಜ್ಜಿ.

“ಅಲ್ಲಜ್ಜಿ. ‘ಅಂವ ಸತ್ತ’ ಅಂತ.”

ಅಜ್ಜಿಯ ಕೈಯಲ್ಲಿನ ಕಡ್ಡಿ ಹಾಗೇ ನಿಂತಿತು. “ದೀಪ ಹಚ್ಚೂ ಹೊತ್ತಿನ್ಯಾಗ ಸತ್ತ ಸತ್ತ ಅಂತಾರೇನು? ನಾವು ಬಳಿ ಒಡದ್ರ ಹೆಚ್ಚಿದ್ವು ಅನ್ನೋ ಮಂದಿ! ಮಾಸ್ತರ, ನೀವರ ತಿಳದಾವ್ರು!”

“ಅಮ್ಮಾ, ಅದು ಬ್ಯಾರೆ ಭಾಷಾ” ಎಂದೆ.

“ದೀಪ ನಮ್ದಲ್ಲೇನು?”

ನಾನು ಹುಡುಗಿಯ ಕಡೆ ತಿರುಗಿ, ಮುಂದಿನ ಮಾತು ಹೇಳು ಎಂದೆ. ಹುಡುಗಿ “ಝ ಸ್ವಿ ಅಲೆ” ಎಂದಳು, ‘ನಾನು ಹೋದೆ’. ಅದಕ್ಕೂ ಅಜ್ಜಿಯ ಆಕ್ಷೇಪ ಬಂತು. ನಮ್ಮಲ್ಲಿ ಹೊರಡುವಾಗ ‘ಹೋಗ್ತೀನಿ’ ಎನ್ನುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನುತ್ತೇವೆ. “ಬರೀ ಹೋದೆ ಅಂದ್ರ ಹ್ಯಾಂಗ? ಎಲ್ಲಿಗರ ಹೋಗ್ಲಿ, ತಿರುಗಿ ಬರಬೇಕು. ಇಲ್ಲಂದ್ರ ಆ ಪಾಠ ನಮ್ಮನ್ಯಾಗ ಬ್ಯಾಡ.”

ಕೊನೆಗೆ ಒಪ್ಪಂದವಾಯಿತು. ‘ಹೋದೆ’ ಬಂದ ಕಡೆಗೆಲ್ಲ ಹಿಂದೆಯೇ ‘ತಿರುಗಿ ಬಂದೆ’ ಸೇರಿಸುವುದು. ಸಾಯುವ ಮಾತನ್ನು ದೀಪದ ಮೊದಲೇ ಮುಗಿಸುವುದು. ಆದರೆ ನಾನು ಗಜೇಂದ್ರಗಡ ಮುಟ್ಟುವಷ್ಟರಲ್ಲಿ ಯಾವತ್ತೂ ಸಂಜೆಯೇ ಆಗುತ್ತಿತ್ತು. ಹೀಗಾಗಿ ನಮ್ಮ ಪಾಠದಲ್ಲಿ ಬಾದಾಮಿಯ ಅರಸರು ಗುಡಿ ಕಟ್ಟಿಸಿದರು, ಯುದ್ಧಕ್ಕೆ ಹೋದರು, ತಿರುಗಿ ಬಂದರು. ಒಬ್ಬನೂ ಸಾಯಲಿಲ್ಲ.

೪. ಬಾದಾಮಿಯ ಪರೀಕ್ಷೆ

ಪ್ರವಾಸ ಏರ್ಪಡಿಸುವವರೊಬ್ಬರು ಹುಡುಗಿಯನ್ನು ಪರೀಕ್ಷೆಗೆ ಕರೆದರು. ಒಂದು ದಿನ ನಿಜವಾದ ಪ್ರವಾಸಿಗರಿಗೆ ಗುಹೆ ತೋರಿಸಬೇಕು, ಮ್ಯಾನೇಜರು ಹಿಂದೆ ನಿಂತು ಕೇಳುತ್ತಾರೆ. ಒಪ್ಪಿದರೆ ಕೆಲಸ. ಒಪ್ಪದಿದ್ದರೆ ಹುಬ್ಬಳ್ಳಿ.

ನಾನೂ ಹೋಗಿದ್ದೆ, ಕಂಬದ ಮರೆಗೆ ನಿಂತಿದ್ದೆ. ಬಂದವರೆಲ್ಲ ವಯಸ್ಸಾದ ಫ್ರೆಂಚರು, ಟೊಪ್ಪಿಗೆ ಹಾಕಿಕೊಂಡವರು. ಹುಡುಗಿ ಬಹಳ ಚೆನ್ನಾಗಿ ಶುರು ಮಾಡಿದಳು. ಕಟ್ಟಿಸಿದ, ಕೊರೆಸಿದ, ಗೆದ್ದ, ಎಲ್ಲ ಸರಿಯಾಗಿ ಬಂತು. ಆಗ ಒಬ್ಬ ಮುದುಕ, ಕೊನೆಗೆ ಆ ಅರಸನಿಗೆ ಏನಾಯಿತು ಎಂದು ಕೇಳಿದ.

ಹುಡುಗಿ ಬಾಯಿ ತೆರೆದಳು. ಹಗಲು ಹನ್ನೆರಡು, ದೀಪ ಇಲ್ಲ, ಅಜ್ಜಿ ಇಲ್ಲ. ಆದರೂ ಆ ಮಾತು ಹೊರಗೆ ಬರಲೊಲ್ಲದು. “ಅವನು ಹೋದ” ಎಂದಳು. ಸ್ವಲ್ಪ ತಡೆದು, “ತಿರುಗಿ ಬಂದ” ಎಂದಳು. ಮುದುಕ ಸುತ್ತಲೂ ನೋಡಿದ, ಅರಸ ಎಲ್ಲಾದರೂ ನಿಂತಿದ್ದಾನೆಯೇ ಎಂಬಂತೆ. ಮ್ಯಾನೇಜರು ಹಣೆ ಒರೆಸಿಕೊಂಡರು. ನಾನೂ ಒರೆಸಿಕೊಂಡೆ.

ಹೊರಡುವಾಗ ಇನ್ನೊಂದಾಯಿತು. ಒಬ್ಬ ಮುದುಕಿ ಹುಡುಗಿಯ ಕೈ ಹಿಡಿದು “ನು ಪಾರ್ತೊಂ” ಎಂದಳು, ‘ನಾವು ಹೋಗುತ್ತೇವೆ’. ಹುಡುಗಿಯ ಮುಖ ಸಣ್ಣದಾಯಿತು. ಹಾಗನ್ನಬಾರದು, ನಮ್ಮಜ್ಜಿ ಬೈಯುತ್ತಾಳೆ ಎಂದು ಬಸ್ಸಿನ ಬಾಗಿಲಿಗೇ ನಿಂತುಬಿಟ್ಟಳು. ‘ಹೋದೆವು, ತಿರುಗಿ ಬಂದೆವು’ ಎಂದು ಎಲ್ಲರೂ ಹೇಳಬೇಕು ಎಂದಳು. ಅಭ್ಯಾಸವಾದದ್ದು ಅಷ್ಟೇ ಅಲ್ಲವೇ, ಅದನ್ನೇ ಹೇಳಿಸಿದಳು. “ನಾವಿನ್ನೂ ಹೋಗೇ ಇಲ್ಲವಲ್ಲ!” ಎಂದ ಒಬ್ಬ. “ಇರಲಿ, ಹೇಳಿ” ಎಂದಳು. ಆ ವಯಸ್ಸಾದವರೆಲ್ಲ ಶಾಲೆಯ ಮಕ್ಕಳ ಹಾಗೆ ಒಟ್ಟಿಗೆ ಹೇಳಿದರು. ಬಸ್ಸು ಹೋಯಿತು.

ಮ್ಯಾನೇಜರು ಹುಡುಗಿಯ ಹತ್ತಿರ ಬಂದರು. “ನೋಡವಾ, ಭಾಷಾ ಚಲೋ ಐತಿ. ಆದ್ರ ಅರಸರನ್ನ ಬದುಕಿಸಿ, ಗಿರಾಕಿಗಳನ್ನ ಬಾಗಿಲದಾಗ ತಡದು... ಹಿಂಗಾದ್ರ ಕಷ್ಟ ಐತಿ.” ಹುಡುಗಿ ತಲೆ ತಗ್ಗಿಸಿದಳು. ಓಢಣಿಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ನನಗೆ ಗಜೇಂದ್ರಗಡದ ಆ ಮಗ್ಗದ ಸದ್ದು ನಿಂತಂತೆ ಅನಿಸಿತು.

ಅಷ್ಟರಲ್ಲಿ ಧೂಳು ಎದ್ದಿತು. ಅದೇ ಬಸ್ಸು ತಿರುಗಿ ಬರುತ್ತಿತ್ತು! ಆ ಮುದುಕಿ ಕನ್ನಡಕವನ್ನು ಮೆಟ್ಟಿಲ ಮೇಲೆ ಮರೆತಿದ್ದಳಂತೆ. ಕಿಟಕಿಗಳಿಂದ ಎಲ್ಲರೂ ತಲೆ ಹೊರಗೆ ಹಾಕಿ, ಕೈ ಬೀಸುತ್ತ ಕೂಗುತ್ತಿದ್ದರು: “ನು ಸೊಮ್ ರವನ್ಯು!” ಅಂದರೆ ‘ನಾವು ತಿರುಗಿ ಬಂದಿದ್ದೇವೆ!’ ಮುದುಕಿ ಇಳಿದವಳೇ ಕನ್ನಡಕ ಬಿಟ್ಟು ಮೊದಲು ಹುಡುಗಿಯನ್ನು ಅಪ್ಪಿಕೊಂಡಳು. ಮುಂದಿನ ಸಲವೂ ಇವಳೇ ಬೇಕು ಎಂದು ಮ್ಯಾನೇಜರಿಗೆ ಬೆರಳು ತೋರಿಸಿ ಹೇಳಿದಳು.

ಮ್ಯಾನೇಜರು ಮೆಟ್ಟಿಲ ಮೇಲಿದ್ದ ಕನ್ನಡಕ ತಂದು ಮುದುಕಿಗೆ ಕೊಟ್ಟರು. ಆಮೇಲೆ, “ಸೋಮವಾರದಿಂದ ಬಾರವಾ. ಆದ್ರ ನಿಮ್ಮಜ್ಜಿಗೆ ಒಂದು ಮಾತು ಹೇಳು. ಮುಂದಿನ ವರ್ಷ ತಿರುಗಿ ಬಂದ್ರ ಸಾಕು, ಹತ್ತು ನಿಮಿಷಕ್ಕ ಬ್ಯಾಡ” ಎಂದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಅವರು ಕೂಗಿದ ಮಾತಿನಲ್ಲಿ ನೆರವಿಗೆ ಬಂದದ್ದು ‘ನಾವು ಇದ್ದೇವೆ’ ಎಂಬ ಅರ್ಥದ್ದು, ‘ನಮ್ಮ ಹತ್ತಿರ ಇದೆ’ ಎಂಬುದಲ್ಲ. ಯಾಕೆಂದರೆ ತಿರುಗಿ ಬರುವುದೂ ಹೋಗುವ ಬರುವ ಗುಂಪಿನದೇ. ಬಹಳ ಮಂದಿ ಸೇರಿ ಬಂದದ್ದಕ್ಕೆ ಬರೆಯುವಾಗ ಕೊನೆಗೆ ಇನ್ನೊಂದು ಅಕ್ಷರವೂ ಬರುತ್ತದೆ, ಆದರೆ ಅದು ಕಿವಿಗೆ ಕೇಳುವುದಿಲ್ಲ. ಕೇಳದ ಅಕ್ಷರವನ್ನು ಯಾಕೆ ಬರೆಯಬೇಕು ಎಂದು ಸಾವ್ಕಾರ್ರು ಕೇಳಿದ್ದಕ್ಕೆ ನಾನು ಹೇಳಿದ್ದು ಏನೆಂದರೆ, ಮೂಲದಲ್ಲಿ ಅದು... ತಡೆಯಿರಿ, ಮನೆಯವಳು ಕೆಳಗಿನಿಂದ ಕೂಗುತ್ತಿದ್ದಾಳೆ:

“ರೀ, ಲಗೂ ಕೆಳಗ ಬರ್ರಿ! ಗಜೇಂದ್ರಗಡದ ಅಜ್ಜಿ ಪಾಟಿ ಬಳಪ ಹಿಡ್ಕೊಂಡು ಬಂದಾಳ. ಮೊಮ್ಮಗಳ ಗಿರಾಕಿಗಳ ಜೋಡಿ ಮಾತಾಡಬೇಕಂತ, ಆಕಿಗೂ ಕಲಿಸಬೇಕಂತ. ಹೊತ್ತು ಮುಣಗೂದ್ರೊಳಗ ಮೊದ್ಲು ಆ ಸಾಯೂ ಮಾತು ಮುಗಿಸಿಬಿಡ್ರಿ ಅನ್ನಾಕತ್ತಾಳ!”