ಬಾವಿಯೊಳಗೆ ತೊಂಬತ್ತಾರು ಜನ

ಮಾನ್ಯ ಕೀ ಉತ್ತರದವರೇ,

ಸೈಕ್ಲೋಸ್ಟೈಲ್ ಮಾಡಿದ ಒಂದೇ ಹಾಳೆಯಲ್ಲಿ, ಎಡಕ್ಕೆ ಪ್ರಶ್ನೆಯ ಸಂಖ್ಯೆ, ನಡುವೆ ಉತ್ತರ, ಬಲಕ್ಕೆ ಅಂಕ ಎಂಬ ಅಚ್ಚುಕಟ್ಟಾದ ಸಂಸಾರದಲ್ಲಿ ತಾವು ಸುಖವಾಗಿದ್ದೀರಿ ಎಂದು ನಂಬಿ, ಕೂಡ್ಲಿಗಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಸಹ ಶಿಕ್ಷಕನಾದ ಶೇಖಾವಲಿ ಮಾಡುವ ನಮಸ್ಕಾರಗಳು. ತಮ್ಮ ಹೆಸರಿಗೆ ಇದುವರೆಗೆ ಯಾರೂ ಪತ್ರ ಬರೆದಿರಲಿಕ್ಕಿಲ್ಲ. ಉತ್ತರಕ್ಕೇ ಎದುರುತ್ತರ ಕೊಡುವ ಈ ಉದ್ಧಟತನಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ.

ಹೋದ ವರ್ಷ, ಅಂದರೆ ಎರಡು ಸಾವಿರದ ಇಸವಿಯ ಜೂನ್‌ನಲ್ಲಿ, ನಮ್ಮನ್ನು ಮೂರು ದಿನದ ತರಬೇತಿಗೆ ಕರೆದು, ಬೆಳಿಗ್ಗೆ ಉಪ್ಪಿಟ್ಟು ಮಧ್ಯಾಹ್ನ ಚಿತ್ರಾನ್ನ ಕೊಟ್ಟು, ಜಾಣ ಮಕ್ಕಳಿಗೆ ಬಾಯಿಪಾಠ ಸಾಲದು, ಹಿಂದೆ ಮುಂದೆ ತೂಗಿ ನೋಡಿ ಯೋಚಿಸುವುದನ್ನು ಕಲಿಸಬೇಕು ಎಂದು ತಿಳಿಹೇಳಿ, ‘ಪ್ರಶ್ನೆಯನ್ನೂ ಪ್ರಶ್ನಿಸಿ’ ಎಂದು ಬರೆದ ಚಾರ್ಟೊಂದನ್ನು ಸುರುಳಿ ಸುತ್ತಿ ಕೈಗಿಟ್ಟು ಕಳಿಸಿದರು. ಉಳಿದ ಮಾಸ್ತರುಗಳು ಅದನ್ನು ಬೀರುವಿನ ಮೇಲೆ ಇಟ್ಟರು. ನಾನೊಬ್ಬ ಅದನ್ನು ಏಳನೇ ತರಗತಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಎಲ್ಲ ಅನಾಹುತಕ್ಕೂ ಆ ಮೊಳೆಯೇ ಕಾರಣ.

ವಾರದೊಳಗೆ ನನ್ನ ಪಾಠ ನನ್ನ ಕೈ ತಪ್ಪತೊಡಗಿತು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ನಾನು ಹಲಗೆಯ ಮೇಲೆ ಬರೆದರೆ, ಪಾಲಮ್ಮ ಎಂಬ ಹುಡುಗಿ ಎರಡು ತಿಂಗಳು ಧ್ವಜಕಂಬದ ನೆರಳಿಗೆ ಕಲ್ಲಿಟ್ಟು ಗುರುತು ಮಾಡಿ, “ದಿನಾ ಒಂದ ಜಾಗದಾಗ ಹುಟ್ಟಂಗಿಲ್ರಿ ಸರ, ಸರೀತಾನ” ಎಂದು ನನ್ನನ್ನು ಅಂಗಳಕ್ಕೆ ಕರೆದೊಯ್ದು ತೋರಿಸಿದಳು. ನಾನು ಹದಿನಾಲ್ಕು ವರ್ಷದಿಂದ ಆ ಅಂಗಳದಲ್ಲೇ ನಿಂತು ಪ್ರಾರ್ಥನೆ ಹೇಳಿಸುತ್ತಿದ್ದೇನೆ, ಒಂದು ದಿನವೂ ಕಂಡಿರಲಿಲ್ಲ. ಅವತ್ತು ನನಗೆ ನಾಚಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು.

ಈ ಪಾಲಮ್ಮನ ತಂದೆ ಮರುಳಪ್ಪ ಬಾವಿ ತೋಡುವ ಕೆಲಸದವರು. ಹೊಸ ಬಾವಿಯಲ್ಲಿ ಮೊದಲು ಜಿನುಗಿದ ನೀರನ್ನು ಆಕೆ ಖಾಲಿ ಎಣ್ಣೆಬಾಟಲಿಯಲ್ಲಿ ಹಿಡಿದು ತಂದು ನಮ್ಮ ತರಗತಿಯ ಕಿಟಕಿಯಲ್ಲಿಟ್ಟಿದ್ದಾಳೆ. ಕೊಟ್ಟೂರಿನಲ್ಲಿ ಪ್ರತಿಭಾವಂತ ಮಕ್ಕಳಿಗಾಗಿ ಶನಿವಾರ ಮಧ್ಯಾಹ್ನ ನಡೆಯುವ ವಿಶೇಷ ತರಗತಿಯಲ್ಲಿ ಒಂದು ಸೂಕ್ಷ್ಮದರ್ಶಕವಿದೆ, ಅದರಡಿ ಒಂದು ಹನಿ ಇಟ್ಟು ನೋಡಬೇಕು ಎಂಬುದು ಆಕೆಯ ಆಸೆ. ಆ ತರಗತಿಗೆ ಇಪ್ಪತ್ತು ಮಕ್ಕಳನ್ನು ಆರಿಸುವ ಪರೀಕ್ಷೆಗೇ ತಾವು ಕೀ ಉತ್ತರವಾಗಿ ದಯಮಾಡಿಸಿದ್ದು.

ಹದಿನೇಳನೆಯ ಪ್ರಶ್ನೆ ತಮಗೆ ನೆನಪಿರಬೇಕು. ಎಂಟು ಜನ ಒಂದು ಬಾವಿಯನ್ನು ಹನ್ನೆರಡು ದಿನಗಳಲ್ಲಿ ತೋಡಿದರೆ, ತೊಂಬತ್ತಾರು ಜನ ಎಷ್ಟು ದಿನಗಳಲ್ಲಿ ತೋಡುತ್ತಾರೆ? ತಮ್ಮ ಉತ್ತರ: ಒಂದು ದಿನ. ಅಂಕ ಎರಡು. ಪಾಲಮ್ಮ ಬರೆದದ್ದು ಹೀಗಿದೆ: ‘ಬಾವಿಯೊಳಗೆ ತೊಂಬತ್ತಾರು ಜನ ಹಿಡಿಸುವುದಿಲ್ಲ. ಒಳಗೆ ನಾಲ್ಕು ಜನ ನಿಂತರೇ ಹಾರೆ ಎತ್ತಲು ಜಾಗ ಸಾಲದು. ಮಿಕ್ಕವರು ಮೇಲೆ ನಿಂತು ಬುಟ್ಟಿ ಎಳೆಯಬೇಕು. ಬಾವಿ ಎಷ್ಟು ಅಗಲ ಎಂದು ಹೇಳಿಲ್ಲವಾದ್ದರಿಂದ ಉತ್ತರ ಹೇಳಲು ಬರುವುದಿಲ್ಲ.’ ಕೆಳಗೆ ಒಂದು ದುಂಡು ಗೆರೆ ಎಳೆದು, ಒಳಗೆ ನಾಲ್ಕು ಚುಕ್ಕೆ ಇಟ್ಟಿದ್ದಳು.

ಮೌಲ್ಯಮಾಪನದ ಕೊಠಡಿಯಲ್ಲಿ ಒಬ್ಬ ಮಾಸ್ತರು ಈ ಉತ್ತರವನ್ನು ಎರಡು ಸಲ ಓದಿದರು. ಅವರ ಕೆಂಪು ಪೆನ್ನು ಆ ನಾಲ್ಕು ಚುಕ್ಕೆಗಳ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ ತಮ್ಮ ಹಾಳೆಯ ಅಡಿಯಲ್ಲಿರುವ ‘ಇದಕ್ಕಿಂತ ಭಿನ್ನವಾದ ಉತ್ತರಗಳಿಗೆ ಅಂಕ ನೀಡತಕ್ಕದ್ದಲ್ಲ’ ಎಂಬ ಸಾಲು ಕಣ್ಣಿಗೆ ಬಿದ್ದು, ತಪ್ಪು ಹಾಕಿ ಸೊನ್ನೆ ಸುತ್ತಿದರು. ಪಟ್ಟಿ ಬಂದಾಗ ಪಾಲಮ್ಮ ಒಂದೇ ಅಂಕದಿಂದ ಇಪ್ಪತ್ತೊಂದನೆಯವಳಾಗಿದ್ದಳು.

ಆದರೂ ತಮ್ಮ ಜ್ಞಾನಕ್ಕೆ ಮಾರುಹೋಗದೆ ಇರಲಾರೆ. ತಮ್ಮ ಲೆಕ್ಕದಂತೆ ಕೊಟ್ಟೂರು ಪೇಟೆಯವರೆಲ್ಲ ಹಾರೆ ಹಿಡಿದು ಒಂದೇ ಬಾವಿಗೆ ಇಳಿದರೆ ಮಂಡಕ್ಕಿ ಒಗ್ಗರಣೆ ಮಾಡುವಷ್ಟರಲ್ಲಿ ನೀರು ಬಂದುಬಿಡುತ್ತದೆ. ನಮ್ಮ ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯವರು ಇಷ್ಟು ಸುಲಭದ ಉಪಾಯ ತಿಳಿಯದೆ ಕೊಡ ಹೊತ್ತು ಸಾಲು ನಿಲ್ಲುತ್ತಿದ್ದಾರಲ್ಲ ಎಂದು ಮರುಕವಾಗುತ್ತದೆ. ಹಾಗೆಯೇ, ಕೂಡ್ಲಿಗಿಯಿಂದ ಕೊಟ್ಟೂರಿಗೆ ಒಂದು ಬಸ್ಸು ಒಂದು ತಾಸಿನಲ್ಲಿ ಬರುವುದರಿಂದ, ಎರಡು ಬಸ್ಸು ಬಿಡಿಸಿ ನಮ್ಮನ್ನು ಅರ್ಧ ತಾಸಿನಲ್ಲಿ ತಲುಪಿಸುವ ಏರ್ಪಾಡನ್ನು ತಾವೇ ಮುಂದೆ ನಿಂತು ಮಾಡಿಸಬೇಕು. ಬಿಡುವಾದಾಗ ಮರುಳಪ್ಪನವರ ಬಾವಿಗೂ ತೊಂಬತ್ತೈದು ಜನರೊಂದಿಗೆ ದಯಮಾಡಿಸಿ ಒಂದು ದಿನ ಹಾರೆ ಹಿಡಿಯಬೇಕೆಂದು ಪ್ರಾರ್ಥನೆ. ತಾವು ಹಾಳೆಯಾದ್ದರಿಂದ ಜಾಗದ ತೊಂದರೆ ತಮಗಂತೂ ಆಗದು.

ಇನ್ನೊಂದು ಮಾತು. ಮರುಪರಿಶೀಲನೆಯ ಅರ್ಜಿಗೆ ಇದೇ ಶುಕ್ರವಾರ ಕೊನೆಯ ದಿನ. ಅರ್ಜಿಯ ಜೊತೆ, ‘ನಾನು ಅಂಕ ಹಾಕಿದ್ದು ತಪ್ಪು’ ಎಂದು ಮೌಲ್ಯಮಾಪಕರೇ ಸಹಿ ಮಾಡಿ ಬರೆದುಕೊಡಬೇಕಂತೆ. ಮನೆ ಮಠ, ನೌಕರಿ, ಬಡ್ತಿ ಇರುವ ಯಾವ ಮಾಸ್ತರು ತಾನೇ ತನ್ನ ಕೈಯಾರೆ ಹಾಗೆ ಬರೆದುಕೊಟ್ಟಾನು? ಆದ್ದರಿಂದ ತಾವೇ ದೊಡ್ಡ ಮನಸ್ಸು ಮಾಡಿ, ‘ಒಂದು ದಿನ’ ಎಂಬುದರ ಪಕ್ಕದಲ್ಲಿ ‘ಅಥವಾ ಯೋಚಿಸಿ ಬರೆದ ಯಾವುದೇ ಉತ್ತರ’ ಎಂದು ತಮ್ಮಷ್ಟಕ್ಕೆ ತಾವೇ ಅಚ್ಚಾಗಿಬಿಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಈ ಸಾಲಿನವರೆಗೆ ಮಾತ್ರ ತಮ್ಮ ವಿಶ್ವಾಸಿ,
ಶೇಖಾವಲಿ, ಸಹ ಶಿಕ್ಷಕ

ತಾ.ಕ.: ಅಂಚೆಗೆ ಹಾಕುವ ಮುನ್ನ ಕಾಗುಣಿತ ನೋಡಲೆಂದು ಈ ಪತ್ರವನ್ನು ಪಾಲಮ್ಮನ ಕೈಗೇ ಕೊಟ್ಟಿದ್ದೆ. ಎರಡು ಒತ್ತಕ್ಷರ ತಿದ್ದಿದಳು. ಆಮೇಲೆ, “ಕೀ ಉತ್ತರಕ್ಕ ಕೈ ಇರಂಗಿಲ್ಲಲ್ರಿ ಸರ, ತಪ್ಪು ಹಾಕಿದ ಕೈ ಯಾರದು?” ಎಂದು ಕೇಳಿದಳು. ಗೋಡೆಯ ಮೇಲಿನ ಚಾರ್ಟಿಗೆ ಮೊಳೆ ಹೊಡೆದವನು ನಾನೇ, ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. “ನಂದ ಐತವ್ವ” ಎಂದೆ. ಆಕೆ ಕಿಟಕಿಯ ಬಾಟಲಿಯನ್ನು ನೋಡುತ್ತ, “ಹಂಗಾದ್ರ ಬರದುಕೊಡ್ರಿ ಸರ” ಎಂದಳು. ಬರೆದುಕೊಟ್ಟಿದ್ದೇನೆ: ‘ಕೈಬರಹದಿಂದ ಇದು ನನ್ನ ಪಾಲಮ್ಮನ ಉತ್ತರ ಎಂದೂ, ಉತ್ತರ ಸರಿ ಎಂದೂ ಗೊತ್ತಿದ್ದು, ಹೆದರಿ ತಪ್ಪು ಹಾಕಿದವನು ನಾನು.’ ಈ ಸಾಲಿಗೆ ತಮ್ಮಲ್ಲಿ ಎಷ್ಟು ಅಂಕವಿದೆ ಎಂದು ಶುಕ್ರವಾರದೊಳಗೆ ತಿಳಿಸುವುದು.