ಅಂಬಣ್ಣನ ಗಟ್ಟಿ ಹೊಟ್ಟೆ

ಅಂಬಣ್ಣ ಇಪ್ಪತ್ತೆರಡು ವರ್ಷದಿಂದ ಬಸ್ಸು ಓಡಿಸುತ್ತಿದ್ದ; ಆದರೆ ಬಸ್ಸಿನಲ್ಲಿ ಕೂತು ಹೋದವನಲ್ಲ.

ಸ್ಟೇರಿಂಗ್ ಕೈಯಲ್ಲಿದ್ದರೆ ಖಂಡಾಲಾ ಘಾಟೂ ಅವನಿಗೆ ಮನೆಯ ಪಡಸಾಲೆ. ಅದೇ ಒಂದು ಸೀಟು ಹಿಂದೆ ಸರಿದು ಕೂತರೆ ಮುಗಿಯಿತು. ಹೊಟ್ಟೆಯೊಳಗೆ ಯಾರೋ ಮಜ್ಜಿಗೆ ಕಡೆಯಲು ಹಿಡಿದಂತಾಗಿ, ಮೂರನೆಯ ತಿರುವಿಗೆ ಬೆಣ್ಣೆ ಮೇಲೆ ಬರುತ್ತಿತ್ತು. ರಿಕ್ಷಾ ಆಗದು, ಟಾಂಗಾ ಆಗದು, ನಾಗರಪಂಚಮಿಯ ಜೋಕಾಲಿಯೂ ಆಗದು. ಊರಿಗೆ ಹೋಗುವಾಗ ಸೋಲಾಪುರದವರೆಗೆ ರೈಲಿನ ಬಾಗಿಲಲ್ಲಿ ನಿಂತೇ ಹೋಗುತ್ತಿದ್ದ. ಈ ಗುಟ್ಟು ಹೆಂಡತಿ ಅವ್ವಮ್ಮನೊಬ್ಬಳಿಗೆ ಗೊತ್ತು. ಮದುವೆಯಾದ ಮರುದಿನ ಅವಳ ತವರೂರು ಇಂಡಿಯಿಂದ ಬರುವಾಗ ಅದು ಮೊದಲು ಗೊತ್ತಾದದ್ದು ಅವಳ ಹೊಸ ಸೀರೆಯ ಸೆರಗಿಗೆ.

ಗುಟ್ಟನ್ನು ಕಾಯಲು ಅಂಬಣ್ಣ ಹುಡುಕಿಕೊಂಡ ದಾರಿ ಅಷ್ಟೇನೂ ಚೆಂದದ್ದಲ್ಲ. ಬಸ್ಸಿನಲ್ಲಿ ಯಾರಾದರೂ ಓಕರಿಸಿದರೆ ಎಲ್ಲರಿಗಿಂತ ಮೊದಲು ಅವನೇ ಸಿಡಿಯುತ್ತಿದ್ದ. ತನ್ನ ಸೀಟಿನ ಹಿಂದೆ ಕೆಂಪು ಬಣ್ಣದಲ್ಲಿ ಬರೆಸಿದ್ದ: "ವಾಂತಿ ಮಾಡಿದವರೇ ಗಾಡಿ ತೊಳೆಯತಕ್ಕದ್ದು." ಬಸ್ಸು ಒಬ್ಬ ಗುತ್ತಿಗೆದಾರನದು. ಆರು ದಿನ ಪುಣೆಯ ಚಿಂಚವಾಡದ ಕೆಲಸಗಾರರನ್ನು ಕಾರಖಾನೆಗೆ ಒಯ್ಯುತ್ತಿತ್ತು. ಯಾವಾಗಲಾದರೂ ರವಿವಾರ ಅವನಿದ್ದ ವಠಾರದ, ಅಂದರೆ ಚಾಳಿನ, ಕನ್ನಡದ ಮಂದಿ ಅದರಲ್ಲೇ ಪ್ರವಾಸ ಹೋಗುತ್ತಿದ್ದರು. ಹೋದ ವರ್ಷ ತುಳಜಾಪುರಕ್ಕೆ ಹೋದಾಗ ಬಾಲವಾಡಿಯ ನಿವೃತ್ತ ಶಿಕ್ಷಕಿ, ಎಲ್ಲರೂ ಬಾಯಾರು ಎನ್ನುವ, ಅರವತ್ತು ದಾಟಿದ ಕೃಷ್ಣಾಬಾಯಿ, ಪಾಪ, ಘಾಟಿನಲ್ಲಿ ತಡೆದುಕೊಳ್ಳಲಾಗದೆ ಕಾರಿಕೊಂಡಿದ್ದರು.

"ಹೊಟ್ಟಿ ಗಟ್ಟಿ ಇಲ್ಲದವ್ರು ಮನ್ಯಾಗ ಇರಬೇಕ್ರಿ," ಎಂದು ಅಂಬಣ್ಣ ಎಲ್ಲರೆದುರು ಅಂದು, ಬಕೇಟು ತೋರಿಸಿದ್ದ. ಕೃಷ್ಣಾಬಾಯಿ ಸೆರಗು ಕಟ್ಟಿ ತೊಳೆದಿದ್ದರು. ಅಂದು ರಾತ್ರಿ ಅವನಿಗೆ ಊಟ ಸೇರಿರಲಿಲ್ಲ. ಆದರೆ ಬೋರ್ಡು ಮಾತ್ರ ಅಲ್ಲೇ ಉಳಿದಿತ್ತು.

ಎರಡು ಸಾವಿರದ ಮೂರರ ಮೇ ತಿಂಗಳ ಒಂದು ರವಿವಾರ. ದೇಹೂ ರೋಡ್ ದಾಟಿ ಮುಂಬಯಿ ದಾರಿಯಲ್ಲಿ ಹೊಸದಾಗಿ ತೆರೆದ ಆಟದ ಪಾರ್ಕಿಗೆ ಚಾಳಿನ ನಲವತ್ತು ಮಂದಿಯನ್ನು ಅಂಬಣ್ಣ ಸುಖವಾಗಿ ತಂದು ಇಳಿಸಿದ. ಗಾಡಿಯ ನೆರಳಲ್ಲಿ ಟಾವೆಲ್ ಹಾಸಿ ಮಲಗಬೇಕು ಎನ್ನುವಾಗ ಪಕ್ಕದ ಖೋಲಿಯ ವೆಲ್ಡರ್ ಸಂಕಪ್ಪ ಓಡುತ್ತ ಬಂದ.

"ಅಂಬಣ್ಣಾ, ಏಳೋ! ಒಂದು ಅಲುಗಾಡೋ ಖೋಲಿ ಮಾಡ್ಯಾರ. ಒಳಗ ಬಸ್ಸಿನಂಥಾ ಸೀಟು, ಮುಂದ ದೊಡ್ಡ ಪಡದೆ. ಪಡದೆ ಮ್ಯಾಲ ಬ್ರೇಕ್ ಫೇಲ್ ಆದ ಬಸ್ಸು ಗುಡ್ಡಾ ಇಳೀತದ. ಅದು ಹೊಳ್ಳಿದಂಗ ನಮ್ಮ ಸೀಟೂ ಹೊಳ್ಳತಾವ. ನಿನಗಂತ ಮುಂದಿನ ಸೀಟು ಹಿಡದೀನಿ!"

ಕೇಳಿದ್ದಕ್ಕೇ ಅಂಬಣ್ಣನ ಹೊಟ್ಟೆಯಲ್ಲಿ ಕಡಗೋಲು ಒಂದು ಸುತ್ತು ತಿರುಗಿತು. "ನಾ ಒಲ್ಲೆಪಾ. ಮುಂದಿನ ಗಾಲ್ಯಾಗ ಹವಾ ಕಡಿಮಿ ಅದ."

"ಈಗ ಒದ್ದು ನೋಡಿ ಬಂದೀನಿ. ಆರೂ ಗಾಲಿ ಕಲ್ಲಿನಂಗ ಅವ."

"ಸೊಂಟಾ ಹಿಡದದ."

"ಹಂಗಾರ ಬಾ. ಅದು ಅಲುಗಾಡಿಸೋ ರೀತಿಗೆ ಹಿಡದದ್ದೆಲ್ಲಾ ಬಿಡತದ."

ಅಷ್ಟರಲ್ಲಿ ಚಾಳಿನ ಹಿರಿಯ ಕಾಶಪ್ಪನವರೂ ಬಂದರು. "ಬ್ರೇಕ್ ಫೇಲ್ ಆದ ಬಸ್ಸಿನಾಗ ನಮ್ಮ ಡ್ರೈವರೇ ಇಲ್ಲಂದ್ರ ಹೆಣ್ಮಕ್ಕಳು ಯಾರ ಧೈರ್ಯಾದ ಮ್ಯಾಲ ಕೂಡಬೇಕೋ?"

ಸಾಲಿನಲ್ಲಿ ನಿಂತಾಗ ಬಾಗಿಲ ಮೇಲಿನ ಮರಾಠಿ ಫಲಕವನ್ನು ಕೃಷ್ಣಾಬಾಯಿ ಕನ್ನಡಕ ಏರಿಸಿ ಎಲ್ಲರಿಗೂ ಓದಿ ಹೇಳಿದರು. "ಬಸುರಿ ಹೆಂಗಸರು, ಎದಿ ಬ್ಯಾನಿ ಇದ್ದವ್ರು, ತಲಿ ತಿರುಗವ್ರು ಕೂಡಬಾರದಂತ. ನಾ ಮೂರನೇದರಾಗ ಬಂದೆವ್ವಾ. ಹೊರಗ ನಿಮ್ಮ ಚೀಲಾ ಕಾಯತೀನಿ." ಅಂದವರೇ ನಗುತ್ತ ಕಟ್ಟೆಯ ಮೇಲೆ ಕೂತರು. ಇಷ್ಟು ಸುಲಭದ ಮಾತು ತನ್ನ ಬಾಯಿಂದ ಯಾಕೆ ಹೊರಡುವುದಿಲ್ಲವೋ ಎಂದು ಅಂಬಣ್ಣ ಅವರನ್ನೇ ನೋಡಿದ. ಅವರು ನಕ್ಕಾಗ ಅವನೇ ತಲೆ ತಗ್ಗಿಸಿದ.

ಅವ್ವಮ್ಮ ಗಂಡನನ್ನು ನೀರಿನ ನಳದ ಮರೆಗೆ ಎಳೆದಳು. ಸೊಂಟದ ಚೀಲದಿಂದ ಲಿಂಬೆಹಣ್ಣು, ಹಸಿ ಶುಂಠಿ, ಹುಣಸೆ ಉಂಡೆ ಒಂದೊಂದಾಗಿ ಹೊರಬಂದವು. ಅಂಬಣ್ಣ ಮೂಸುವುದನ್ನು ಮೂಸಿ ನುಂಗುವುದನ್ನು ನುಂಗಿದ. ಆಮೇಲೆ ಅವಳು ಎಲ್ಲಿಗೋ ಹೋಗಿ ವಾಂತಿ ತಡೆಯುವ ಗುಳಿಗೆಯ ಪಾಕೀಟು ತಂದಳು.

"ಎಲ್ಲಿಂದ ತಂದಿ?"

"ಸುಮ್ಮನ ನುಂಗ್ರಿ. ಒಂದು ಸಾಕಂತ."

ಒಂದು ನುಂಗಿದ. ಹೊಟ್ಟೆ ಒಪ್ಪಲಿಲ್ಲ. ಎರಡು ನುಂಗಿದ. ಬಾಗಿಲು ತೆರೆದ ಸದ್ದು ಕೇಳಿ ಮೂರನೆಯದನ್ನೂ ನುಂಗಿದ. ಬಸ್ಸಿನಲ್ಲಿ ಪೇಪರ್ ಹಾಸಿಕೊಂಡು ಕೂತರೆ ವಾಂತಿ ಬರುವುದಿಲ್ಲ ಎಂದು ಅವನ ಅಜ್ಜಿ ಹೇಳುತ್ತಿದ್ದಳು. ಅದೂ ನೆನಪಾಗಿ, ಯಾರೋ ಭೇಳಪುರಿ ತಿಂದು ಬಿಟ್ಟಿದ್ದ ಮರಾಠಿ ಪೇಪರನ್ನು ಬಗಲಲ್ಲಿ ಹಿಡಿದು ಒಳಗೆ ನಡೆದ.

"ಪೇಪರ್ ಯಾಕೋ?" ಎಂದ ಸಂಕಪ್ಪ.

"ಓದಾಕ."

"ಕತ್ತಲದಾಗ?"

"ಬರೇ ದೊಡ್ಡ ಅಕ್ಷರಾ ಓದತೀನಿ."

ಪೇಪರ್ ಹಾಸಿ ಮುಂದಿನ ಸೀಟಿನಲ್ಲಿ ಕೂತ. ಪಟ್ಟಿ ಬಿಗಿದರು. ದೀಪ ಆರಿತು. ಪರದೆಯ ಮೇಲೆ ಬಸ್ಸು ಗುಡ್ಡದ ಅಂಚಿಗೆ ಬಂದದ್ದೇ ತಡ, ಸೀಟು ಕೊಸರಾಡುವ ಎಮ್ಮೆಕರುವಿನಂತೆ ಒದೆಯಿತು. ಅಂಬಣ್ಣ ಕಣ್ಣು ಗಟ್ಟಿಯಾಗಿ ಮುಚ್ಚಿ, ಇಲ್ಲದ ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದುಕೊಂಡ. "ಎಲ್ಲಮ್ಮ ತಾಯಿ, ಇದೊಂದು ಸಲ ಮರ್ಯಾದಿ ಉಳಸು," ಎಂದದ್ದು ನೆನಪಿದೆ. ಆಮೇಲೇನೂ ನೆನಪಿಲ್ಲ.

ಎಚ್ಚರವಾದಾಗ ದೀಪ ಹತ್ತಿತ್ತು. ಪಾರ್ಕಿನವನು ಭುಜ ಅಲುಗಾಡಿಸುತ್ತ, ಕಾಕಾ ನಿದ್ದೆ ಹೋಗಿದ್ದಾರೆ ಎಂದು ಮರಾಠಿಯಲ್ಲಿ ಕೂಗುತ್ತಿದ್ದ: "ಅರೇ, ಕಾಕಾ ಝೋಪಲೇ!"

ಹೊರಗೆ ಗುಂಪು ಕೂಡಿತ್ತು. ಬಸ್ಸು ಪ್ರಪಾತಕ್ಕೆ ಬೀಳುವ ಕ್ಷಣಕ್ಕೆ ಸರಿಯಾಗಿ ಒಳಗಿನ ಕ್ಯಾಮೆರಾ ಎಲ್ಲರ ಫೋಟೋ ತೆಗೆದಿತ್ತು. ಸಂಕಪ್ಪನ ಬಾಯಿ ಬಾವಿಯಷ್ಟು ತೆರೆದಿತ್ತು. ಕಾಶಪ್ಪನವರು ಪಕ್ಕದವನ ಕಿವಿ ಹಿಡಿದುಕೊಂಡಿದ್ದರು. ಅವರ ನಡುವೆ ಅಂಬಣ್ಣ, ಕೈ ಸ್ಟೇರಿಂಗ್ ಹಿಡಿದಂತೆ ಮುಂದೆ ಚಾಚಿ, ತಲೆ ವಾಲಿಸಿ, ತೊಟ್ಟಿಲ ಕೂಸಿನಂತೆ ನಿದ್ದೆ ಹೋಗಿದ್ದ.

"ಬ್ರೇಕ್ ಫೇಲ್ ಆದ್ರೂ ಗೊರಕಿ ಹೊಡದಾನ್ರೀ! ಗುಂಡಿಗಿ ಅಂದ್ರ ಇದು!" ಸಂಕಪ್ಪ ಫೋಟೋ ಕೊಂಡು ಪಾರ್ಕಿನ ಮ್ಯಾನೇಜರನ ಖೋಲಿಗೂ ಒಯ್ದು ತೋರಿಸಿ, ಮೀಸೆಯಲ್ಲೇ ನಗುತ್ತ ಹಿಂದಿರುಗಿದ.

ಅಂಬಣ್ಣನಿಗೆ ಎಲ್ಲಾ ಹೇಳಿಬಿಡಬೇಕೆನಿಸಿತು. ಆದರೆ ಬಾಯಿ ತೆರೆದಾಗಲೆಲ್ಲ ಯಾರೋ ಒಬ್ಬರು ಅದರೊಳಗೆ ತಿಂಡಿ ಇಟ್ಟರು. ಶೇಂಗಾ ಹೋಳಿಗೆ, ಮಿರ್ಚಿ ಭಜಿ, ಕಬ್ಬಿನ ಹಾಲು. ಗಂಡೆದೆಯ ಗೌರವಕ್ಕೆ ಮತ್ತೂ ಒಂದು ಭಜಿ. ಕೃಷ್ಣಾಬಾಯಿ ಫೋಟೋ ನೋಡಿ, "ನಿದ್ದಿ ಬಂದದ್ದು ಛಲೋ ಆತು," ಎಂದಷ್ಟೇ ಅಂದರು. ಅವನು ಬಾಯಿಯಲ್ಲಿದ್ದ ಹೋಳಿಗೆಯನ್ನು ಅಗಿಯದೇ ನುಂಗಿದ.

ಸಂಜೆ ಹೊರಡುವ ಹೊತ್ತಿಗೆ ಫೋಟೋ ಕೈಯಿಂದ ಕೈಗೆ ಹೋಗಿ ಅಡುಗೆ ಭೀಮಕ್ಕನ ಕೈಗೆ ಬಂತು. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅಲ್ರೀ ಕಾಶಪ್ಪಣ್ಣಾರ, ಇಂವಾ ಸ್ಟೇರಿಂಗ್ ಹಿಡದೇ ಮಲಗ್ಯಾನಲ್ರೀ! ಹಾದ್ಯಾಗೂ ಹಿಂಗ ಮಲಗಿದ್ರ?"

ನಲವತ್ತು ಮಂದಿ ಒಮ್ಮೆ ಫೋಟೋ ನೋಡಿದರು, ಒಮ್ಮೆ ಅಂಬಣ್ಣನನ್ನು ನೋಡಿದರು. ಅದೇ ಗಳಿಗೆಗೆ ಅಂಬಣ್ಣನಿಗೆ ದವಡೆ ಮುರಿಯುವಂಥ ಆಕಳಿಕೆ ಬಂತು.

"ಚಾವಿ ಕೊಡು," ಎಂದರು ಕಾಶಪ್ಪನವರು.

"ಅಣ್ಣಾರ, ನಾ ಹಂಗ ಮಲಗವಲ್ರಿ! ಇವತ್ತ ಅದು..." ಎಂದು ಅಂಬಣ್ಣ ಮಾತು ನಿಲ್ಲಿಸಿದ. ಗುಳಿಗೆಯ ಮಾತು ಹೇಳದಿದ್ದರೆ ನಿದ್ದೆಗಣ್ಣಿನ ಡ್ರೈವರು. ಹೇಳಿದರೆ ನಿದ್ದೆ ತರುವ ಗುಳಿಗೆ ನುಂಗಿದ ಡ್ರೈವರು. ಎರಡಕ್ಕೂ ಚಾವಿ ಸಿಗುವುದಿಲ್ಲ. ತೆಪ್ಪಗೆ ಕೊಟ್ಟ.

ಚಾವಿ ದತ್ತುವಿನ ಕೈಗೆ ಹೋಯಿತು. ದತ್ತು ಚಾಳಿನವನೇ, ಬಿಬವೇವಾಡಿಯಲ್ಲಿ ಟೆಂಪೋ ಹೊಡೆಯುವವನು. ಬಸ್ಸಿನ ಲೈಸೆನ್ಸೂ ಇತ್ತು. ಅವನು ಬ್ರೇಕ್ ಹಾಕುವುದೆಂದರೆ ಕಂಬಳಿ ಝಾಡಿಸಿದ ಹಾಗೆ ಎಂದು ಅಂಬಣ್ಣನೇ ಊರೆಲ್ಲ ಹೇಳಿಕೊಂಡು ಬಂದಿದ್ದ. ಎಲ್ಲರೂ ಕಾಳಜಿಯಿಂದ, "ಬಡವಾ, ದಣದಾನ, ಅಡ್ಡಾಗಲಿ," ಎಂದು ಹಿಂದಿನ ಉದ್ದ ಸೀಟನ್ನು ಬಿಟ್ಟುಕೊಟ್ಟರು. ಬಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕುಣಿಯುವ ಸೀಟು ಅದು. ಯಾರೋ ತಲೆಗೆ ದಿಂಬನ್ನೂ ಕೊಟ್ಟರು.

ಗುಳಿಗೆಯ ನಿದ್ದೆ ಭಯಕ್ಕೆ ಹಾರಿಹೋಗಿತ್ತು. ಮೊದಲ ಬ್ರೇಕಿಗೆ ಕಬ್ಬಿನ ಹಾಲು ಮಾತಾಡಿತು. ಎರಡನೆಯದಕ್ಕೆ ಭಜಿ ಉತ್ತರ ಕೊಟ್ಟಿತು. ಅಂಬಣ್ಣ ಸೀಟಿನ ಸರಳು ಹಿಡಿದು ಎಡಗಾಲಲ್ಲಿ ಇಲ್ಲದ ಕ್ಲಚ್ಚು, ಬಲಗಾಲಲ್ಲಿ ಇಲ್ಲದ ಬ್ರೇಕು ಒತ್ತುತ್ತ ಹೋದ. ದೇಹೂ ರೋಡಿನ ಮಿಲಿಟರಿ ಗೇಟಿನ ಎದುರು ಸಾಲಾಗಿ ಮೂರು ಸ್ಪೀಡ್ ಬ್ರೇಕರ್. ದತ್ತು ಮೂರಕ್ಕೂ ಬೇರೆ ಬೇರೆಯಾಗಿ ಬ್ರೇಕ್ ಹಾಕಿದ.

ಮೂರನೆಯದಕ್ಕೆ ಅಂಬಣ್ಣನ ಇಪ್ಪತ್ತೆರಡು ವರ್ಷದ ಮರ್ಯಾದೆ ಸೀಟಿನ ಮೇಲೆ, ದಿಂಬಿನ ಮೇಲೆ, ಕೆಳಗಿನ ಹಲಗೆಯ ಮೇಲೆ ಬಿತ್ತು.

ಬಸ್ಸು ನಿಂತಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಹಗುರಾಗುತ್ತಿತ್ತು. ಎಲ್ಲರ ಕಣ್ಣೂ ಒಂದು ಸಲ ಮುಂದಿನ ಕೆಂಪು ಬೋರ್ಡಿಗೆ ಹೋಗಿ, ಅದನ್ನು ನೋಡಲೇ ಇಲ್ಲವೆಂಬಂತೆ ಕಿಟಕಿಯಾಚೆಗೆ ತಿರುಗಿದವು. ಅಂಬಣ್ಣ ತಾನೇ ಇಳಿದು ಬಕೇಟು ಹಿಡಿದ. ಗೇಟಿನ ಜವಾನ ಬಂದೂಕು ಹೆಗಲಿಗೇರಿಸಿ, ನಳ ಇರುವ ಕಡೆ ಕೈ ತೋರಿಸಿದ.

ನೀರು ತಂದು ನೋಡಿದರೆ ಕೃಷ್ಣಾಬಾಯಿ ಆಗಲೇ ಸೆರಗು ಕಟ್ಟಿ ಹಳೇ ಅರಿವೆ ಹಿಡಿದು ನಿಂತಿದ್ದರು.

"ಬ್ಯಾಡ್ರಿ ಬಾಯಾರ. ನಿಮ್ಮ ಕಾಲಿಗೆ ಬೀಳತೀನಿ, ನೀವು ಕೂಡ್ರಿ."

"ಸರೀರಿ ಅತ್ತಾಗ. ಎಲ್ಲೆಲ್ಲಿ ಸಿಡದಿರತದ ಅಂತ ನನಗ ಗೊತ್ತದ. ಸೀಟಿನ ಕೆಳಗಿನ ನಟ್ಟು ಮರೀಬ್ಯಾಡ್ರಿ, ನಾಳೆ ಅದೇ ನಾರತದ."

ಅಂಬಣ್ಣ ಇನ್ನೊಂದು ಅರಿವೆ ಹಿಡಿದು ಅವರ ಜೊತೆ ಹಲಗೆ ಒರೆಸಿದ. ಅವನು ಅರಿವೆ ಕೆಳಗಿಟ್ಟು ಎದ್ದು ನಿಂತ. "ಎಲ್ಲಾರೂ ಕೇಳ್ರಿ. ಹುಟ್ಟಿದಾಗಿಂದ ನನಗ ಗಾಡ್ಯಾಗ ಕುಂತ್ರ ವಾಂತಿ ಆಗತದ. ಧೈರ್ಯಾ ಗಿರ್ಯಾ ಏನಿಲ್ಲ, ಗುಳಿಗಿ ನುಂಗಿ ನಿದ್ದಿ ಹತ್ತಿತ್ತು. ಬಾಯಾರಿಗೆ ನಾ ಅವತ್ತ ಅಂದದ್ದು ದೊಡ್ಡ ಪಾಪ."

ಕಾಶಪ್ಪನವರು ಟಾವೆಲ್ಲಿನಿಂದ ಕಣ್ಣೊರೆಸಿಕೊಂಡರು.

"ನೋಡ್ರಪ್ಪಾ! ಬಾಯಾರಿಗೆ ನಾಚಿಕಿ ಆಗಬಾರದಂತ ಎಂಥಾ ಸುಳ್ಳು ತನ್ನ ಮ್ಯಾಲ ಹಾಕ್ಕೊಂಡಾನ! ಇಪ್ಪತ್ತೆರಡು ವರ್ಷದ ಡ್ರೈವರ್‌ಗೆ ಗಾಡ್ಯಾಗ ವಾಂತಿ ಆಗತದೇನು? ದತ್ತುನ ಬ್ರೇಕಿಗೆ ಕಲ್ಲೂ ಕಾರತದ!"

"ಖರೇನ ಹೇಳಾಕತ್ತೀನ್ರೀ," ಎಂದ ಅಂಬಣ್ಣ, ಅಳು ಬಂದವನಂತೆ.

"ದೊಡ್ಡ ಮನಸ್ಸು, ದೊಡ್ಡ ಮನಸ್ಸು," ಎಂದು ಹೆಂಗಸರು ಲಟಿಕೆ ಮುರಿದರು. ಇದೇ ಸಮಯಕ್ಕೆಂದು ಕಾದಿದ್ದ ಸಂಕಪ್ಪ ಕಿಸೆಯಿಂದ ಬಣ್ಣದ ಕಾಗದವೊಂದನ್ನು ತೆಗೆದ.

"ಮನಿಗೆ ಹೋಗಿ ಹೇಳಬೇಕಂತಿದ್ದೆ, ಈಗ ಹೇಳತೀನಿ. ಪಾರ್ಕಿನವ್ರು ನಿನ್ನ ಫೋಟೋ ಗೇಟಿಗೆ ಹಚ್ಚತಾರಂತ! ವರ್ಷಾ ಪೂರಾ ಪ್ರತಿ ರವಿವಾರ ನೀ ಮುಂದಿನ ಸೀಟಿನಾಗ ಕೂತು ಮಂದಿಗೆ ಧೈರ್ಯಾ ತೋರಸಬೇಕು. ನಿನ್ನ ಪರವಾಗಿ ನಾನೇ ಸಹಿ ಹಾಕೀನಿ. ಹೋಗಿ ಬರೋ ಚಿಂತಿ ಬ್ಯಾಡ, ಅವರೇ ಜೀಪ್ ಕಳಸತಾರ. ಹಿಂದಿನ ಸೀಟಿನಾಗ ರಾಜನಂಗ ಕೂತು ಹೋಗು!"

ಬಸ್ಸಿನ ತುಂಬ ಚಪ್ಪಾಳೆ ಬಿತ್ತು. ಅಂಬಣ್ಣ ಕುಸಿದು ಕೂತು, ಆಗಲೇ ಒರೆಸಿದ್ದ ಹಲಗೆಯನ್ನು ಮತ್ತೆ ಒರೆಸತೊಡಗಿದ. ಪಕ್ಕದಲ್ಲಿ ಅರಿವೆ ಹಿಂಡುತ್ತಿದ್ದ ಕೃಷ್ಣಾಬಾಯಿ, ಯಾರಿಗೂ ಕಾಣದಂತೆ, ಸೊಂಟದ ಚೀಲದಿಂದ ಅರ್ಧ ಖಾಲಿಯಾದ ಗುಳಿಗೆಯ ಪಾಕೀಟು ತೆಗೆದು ಅವನ ಒದ್ದೆ ಅಂಗೈಯಲ್ಲಿಟ್ಟರು. ಬೆಳಿಗ್ಗೆ ಅವ್ವಮ್ಮ ತಂದು, ತಿರುಗಿ ಒಯ್ದು ಕೊಟ್ಟಿದ್ದ ಅದೇ ಪಾಕೀಟು.

"ಮುಂದಿನ ವಾರ ಒಂದೇ ನುಂಗ್ರಿ, ತಮ್ಮಾ," ಎಂದರು ಮೆಲ್ಲಗೆ. "ಒಂದು ಸಾಕು ಅಂತ ಅವ್ವಮ್ಮಗ ಹೇಳೇ ಕಳಿಸಿದ್ದೆ."